ಒಂದ್ಸಲ ಸ್ಟಾರ್ಟ್ ಆಗುತ್ತೆ, ಒಂದ್ಸಲ ಆಗಲ್ಲ: ಹಳೇ ಕಾರಿನ ಈ ರೋಗ ಹಿಡಿಯೋದು ಹೇಗೆ

ಅಪ್ಪನ ಕಾರು 2003ರ ಮಾಡೆಲ್ಲು, ಸಣ್ಣ ಪೆಟ್ರೋಲ್ ಗಾಡಿ. ತುಮಕೂರಿಂದ ಅರಸೀಕೆರೆಗೆ ಹೋಗೋವಾಗ ತಿಪಟೂರಲ್ಲಿ ಕಾಫಿಗೆ ಅಂತ ನಿಲ್ಲಿಸಿದ್ವಿ, ಕಾಲು ಗಂಟೆ ಬಿಟ್ಟು ಬಂದು ಕೀ ತಿರುಗಿಸಿದ್ರೆ ಬಾನೆಟ್ ಒಳಗಿಂದ ಟಕ್ ಅಂತ ಒಂದೇ ಒಂದು ಸದ್ದು, ಅಷ್ಟೇ. ಮತ್ತೆ ತಿರುಗಿಸಿದ್ರೆ ಮತ್ತೆ ಟಕ್. ಡ್ಯಾಶ್‌ಬೋರ್ಡಲ್ಲಿ ಲೈಟೆಲ್ಲಾ ಚೆನ್ನಾಗೇ ಉರೀತಿದೆ, ಹಾರ್ನ್ ಜೋರಾಗೇ ಹೊಡೀತಿದೆ, ಎಂಜಿನ್ ತಿರುಗಿಸೋ ಸೆಲ್ಫ್ ಮೋಟರ್ ಮಾತ್ರ ಹೊಡೀತಿಲ್ಲ. ಹೋಟ್ಲಿಂದ ಇಬ್ಬರು ಹುಡುಗರು ಬಂದು ತಳ್ಳಿದ್ರು, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟ ತಕ್ಷಣ ಎಂಜಿನ್ ಎದ್ದುಬಿಡ್ತು. ಮಾರನೇ ದಿನ ಗ್ಯಾರೇಜಿಗೆ ತಗೊಂಡ್ ಹೋದ್ರೆ ಹತ್ತು ಸಲ ಕೀ ತಿರುಗಿಸಿದ್ರೂ ಹತ್ತೂ ಸಲ ಸ್ಟಾರ್ಟ್. "ಈಗ ಸರಿಯಾಗೇ ಇದೆಯಲ್ಲ ಸರ್, ಪ್ರಾಬ್ಲಮ್ ಬಂದಾಗ ತಗೊಂಡ್ ಬನ್ನಿ" ಅಂದ್ರು ಮೆಕ್ಯಾನಿಕ್. ಪ್ರಾಬ್ಲಮ್ ಬಂದಾಗ ಗಾಡಿ ಅಲ್ಲಾಡಲ್ಲ, ಅಲ್ಲಾಡೋವಾಗ ಪ್ರಾಬ್ಲಮ್ ಇರಲ್ಲ.

ಆಮೇಲೆ ಎಂಟು ತಿಂಗಳು ಇದೇ ಕಥೆ. ಮೂರು ವಾರ, ಕೆಲವು ಸಲ ಐದು ವಾರ ಏನೂ ಇಲ್ಲ, ಆಮೇಲೆ ಎಲ್ಲೋ ಒಂದು ಕಡೆ ಕೈ ಕೊಡೋದು. ಬ್ಯಾಟರಿ ಹೊಸದು ಹಾಕಿಸಿದ್ವಿ. ಸೆಲ್ಫ್ ಮೋಟರ್ ಬಿಚ್ಚಿ ಒಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಬದಲಾಯಿಸಿದ್ರು. ಇಗ್ನಿಷನ್ ಸ್ವಿಚ್ಚೂ ಹೊಸದು ಬಂತು. ಒಂದೊಂದು ಸಲವೂ "ಈಗ ಸರಿ ಹೋಯ್ತು" ಅಂತ ಅಪ್ಪ ನಂಬೋರು, ಯಾಕಂದ್ರೆ ಮೂರು ವಾರ ನಿಜವಾಗ್ಲೂ ಸರಿ ಇರ್ತಿತ್ತು. ಆದ್ರೆ ಆ ಪ್ರಾಬ್ಲಮ್ಮು ಮೊದಲಿಂದಲೂ ಮೂರು ವಾರಕ್ಕೊಂದ್ಸಲವೇ ಬರ್ತಿದ್ದಿದ್ದು ಅನ್ನೋದನ್ನ ನಾವು ಯೋಚನೆ ಮಾಡ್ಲಿಲ್ಲ.

ನಾನು ಕಲ್ತಿದ್ದು ಎಲೆಕ್ಟ್ರಿಕಲ್ಲು, ಹಾಗಾಗಿ ಕೊನೆಗೆ ನಾನೇ ಕೂತು ಇದನ್ನ ಒಂದು ಕ್ರಮದಲ್ಲಿ ಹುಡುಕಿದೆ, ಸಿಕ್ತು ಕೂಡ. ಹಳೇ ಗಾಡಿ ಇಟ್ಕೊಂಡಿರೋರು ಸುಮಾರು ಜನ ಇದೇ ರೀತಿ ಪಾರ್ಟ್ ಮೇಲೆ ಪಾರ್ಟ್ ಬದಲಾಯಿಸ್ಕೊಂಡು ದುಡ್ಡು ಕಳ್ಕೊಳ್ತಿರೋದು ನೋಡಿದ್ದೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಮೊದಲು ಈ ಬಂದು ಹೋಗೋ ರೋಗ ಅಂದ್ರೆ ಏನು ಅನ್ನೋದು ತಲೇಲಿ ಕೂರಬೇಕು. ಪೂರ್ತಿ ಸತ್ತ ಪಾರ್ಟ್ ಯಾವತ್ತೂ ಸತ್ತೇ ಇರುತ್ತೆ, ಅದನ್ನ ಹುಡುಕೋದು ಸುಲಭ. ಬಂದು ಹೋಗ್ತಿದೆ ಅಂದ್ರೆ ಯಾವುದೋ ಒಂದು ಜಾಗ ಅರ್ಧ ಸತ್ತಿದೆ, ಅಂಚಲ್ಲಿ ನಿಂತಿದೆ, ಶಾಖಾನೋ ತೇವಾನೋ ಅಲುಗಾಟಾನೋ ಒಂಚೂರು ಜಾಸ್ತಿ ಆದ್ರೆ ಆ ಕಡೆ ಬೀಳುತ್ತೆ, ಕಮ್ಮಿ ಆದ್ರೆ ಈ ಕಡೆ ಬರುತ್ತೆ. ಸರಿ ಇರೋವಾಗ ಏನೇ ಅಳೆದ್ರೂ ಎಲ್ಲಾ ಸರಿ ಅಂತಲೇ ಬರುತ್ತೆ, ಮೆಕ್ಯಾನಿಕ್ಕಿನ ತಪ್ಪೇನೂ ಇಲ್ಲ ಅದರಲ್ಲಿ, ಅವರ ಮುಂದೆ ಅಳೆಯೋಕೆ ಏನೂ ಇರ್ಲಿಲ್ಲ. ಅಂದ್ರೆ ಪರೀಕ್ಷೆ ನಡೀಬೇಕಾಗಿರೋದು ಗಾಡಿ ಕೈ ಕೊಟ್ಟ ಆ ಹತ್ತು ನಿಮಿಷದಲ್ಲೇ, ಮತ್ತೆ ಆ ಹೊತ್ತಲ್ಲಿ ಅಲ್ಲಿರೋದು ಗಾಡಿ ಓಡಿಸೋರು, ಮೆಕ್ಯಾನಿಕ್ ಅಲ್ಲ. ಅದಕ್ಕೇ ಏನು ನೋಡ್ಬೇಕು ಅನ್ನೋದು ಓಡಿಸೋರಿಗೆ ಗೊತ್ತಿರಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು.

ಗ್ಲೋವ್ ಬಾಕ್ಸಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಪೆನ್ನು ಇಡಿ. ಕೈ ಕೊಟ್ಟ ಪ್ರತಿ ಸಲ ಬರೀರಿ, ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಆಫ್ ಮಾಡಿ ಎಷ್ಟು ಹೊತ್ತಾಗಿತ್ತು, ಮಳೆ ಬಂದಿತ್ತಾ, ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು, ಏನು ಸದ್ದು ಬಂತು, ಕೊನೆಗೆ ಹೆಂಗೆ ಸ್ಟಾರ್ಟ್ ಆಯ್ತು. ನಾಲ್ಕು ಸಲ ಬರೆದ್ರೆ ಸಾಕು, ಒಂದು ಜಾಡು ಕಾಣೋಕೆ ಶುರು ಆಗುತ್ತೆ. ನಮ್ಮದ್ರಲ್ಲಿ ನಾಲ್ಕಕ್ಕೆ ನಾಲ್ಕೂ ಸಲ ಎಂಜಿನ್ ಬಿಸಿ ಇತ್ತು, ನಾಲ್ಕೂ ಸಲ ಟಕ್, ನಾಲ್ಕೂ ಸಲ ತಳ್ಳಿದ ತಕ್ಷಣ ಎದ್ದಿತ್ತು.

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾವು "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಆದ್ರೆ ಅದರೊಳಗೆ ಎರಡು ಬೇರೆ ಬೇರೆ ಕಾಯಿಲೆ ಇದೆ. ಒಂದು, ಸೆಲ್ಫೇ ಹೊಡೀತಿಲ್ಲ, ಎಂಜಿನ್ ತಿರುಗ್ತಾನೇ ಇಲ್ಲ. ಇನ್ನೊಂದು, ಸೆಲ್ಫ್ ಚೆನ್ನಾಗೇ ಹೊಡೀತಿದೆ, ಎಂಜಿನ್ ಗರಗರ ತಿರುಗ್ತಿದೆ, ಆದ್ರೆ ಹತ್ಕೊಳ್ತಿಲ್ಲ. ಮೊದಲನೇದು ಬ್ಯಾಟರಿ, ಕೇಬಲ್, ಸೆಲ್ಫ್ ಮೋಟರಿನ ಕಡೆಯದು. ಎರಡನೇದು ಪೆಟ್ರೋಲು, ಕಿಡಿ, ಸೆನ್ಸರ್‌ಗಳ ಕಡೆಯದು. ಇವೆರಡಕ್ಕೂ ಒಂದಕ್ಕೊಂದು ಸಂಬಂಧ ತುಂಬಾ ಕಮ್ಮಿ. ಸೆಲ್ಫ್ ಹೊಡೀದೇ ಇರೋ ಗಾಡಿಗೆ ಪ್ಲಗ್ ಬದಲಾಯಿಸಿದ್ರೆ ಏನೂ ಆಗಲ್ಲ, ಆದ್ರೆ ಜನ ಬದಲಾಯಿಸ್ತಾರೆ. ಗ್ಯಾರೇಜಿಗೆ ಫೋನ್ ಮಾಡೋವಾಗ್ಲೂ ಈ ವ್ಯತ್ಯಾಸ ಹೇಳಿದ್ರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟಂಗೆ. ತಳ್ಳಿದಾಗ ತಕ್ಷಣ ಸ್ಟಾರ್ಟ್ ಆಗುತ್ತೆ ಅಂದ್ರೆ ಪೆಟ್ರೋಲು ಕಿಡಿ ಎರಡೂ ಸರಿಯಾಗೇ ಇದೆ ಅಂತ ಅಲ್ಲೇ ಸಾಬೀತಾಯ್ತು, ಆ ಕಡೆ ತಿರುಗಿ ಕೂಡ ನೋಡ್ಬೇಡಿ.

ಸೆಲ್ಫ್ ಹೊಡೀದೇ ಇರೋ ಕಡೆಯಿಂದ ಶುರು ಮಾಡೋಣ, ಯಾಕಂದ್ರೆ ಹಳೇ ಗಾಡೀಲಿ ಇದೇ ಜಾಸ್ತಿ, ಮತ್ತೆ ಇದರಲ್ಲೇ ಜನ ಜಾಸ್ತಿ ಮೋಸ ಹೋಗೋದು.

ಸೆಲ್ಫಿಗೆ ಕರೆಂಟ್ ಎರಡು ದಾರೀಲಿ ಹೋಗುತ್ತೆ. ಒಂದು ಸಣ್ಣ ದಾರಿ, ಕೀ ಸ್ವಿಚ್ಚಿಂದ ಸಣ್ಣ ವೈರಲ್ಲಿ ಬಂದು ಸೆಲ್ಫ್ ಮೇಲೆ ಕೂತಿರೋ ಸೊಲೆನಾಯ್ಡ್ ಅನ್ನೋ ಡಬ್ಬಿಗೆ ಹೋಗುತ್ತೆ. ಆ ಸೊಲೆನಾಯ್ಡ್ ಒಳಗೆ ತಾಮ್ರದ ಸುರುಳಿ ಇದೆ, ಕರೆಂಟ್ ಬಂದ ತಕ್ಷಣ ಅದು ಒಂದು ಕಬ್ಬಿಣದ ತುಂಡನ್ನ ಎಳ್ಕೊಳ್ಳುತ್ತೆ, ಆ ಎಳೆತ ಒಂದು ಕಡೆ ಸೆಲ್ಫಿನ ಹಲ್ಲಿನ ಚಕ್ರವನ್ನ ಎಂಜಿನ್ನಿನ ದೊಡ್ಡ ಚಕ್ರಕ್ಕೆ, ಅಂದ್ರೆ ಫ್ಲೈವೀಲಿಗೆ ಕಚ್ಚಿಸುತ್ತೆ, ಇನ್ನೊಂದು ಕಡೆ ಎರಡು ದಪ್ಪ ತಾಮ್ರದ ಕಾಂಟ್ಯಾಕ್ಟನ್ನ ಸೇರಿಸುತ್ತೆ. ನಮಗೆ ಕೇಳೋ ಟಕ್ ಅದೇ. ಆ ಕಾಂಟ್ಯಾಕ್ಟ್ ಸೇರಿದ ಮೇಲೆ ದೊಡ್ಡ ದಾರಿ ತೆರೆಯುತ್ತೆ, ಬ್ಯಾಟರಿಯಿಂದ ದಪ್ಪ ಕೇಬಲಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ನಿಗೇ ಸುಮಾರು 100 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯುತ್ತೆ. ಮನೆ ಗೀಸರ್ ಎಳೆಯೋದು 9 ರಿಂದ 13 ಆಂಪ್, ಹೋಲಿಸಿ ನೋಡಿ. ಆ 100 ಆಂಪ್ ಮೋಟರಿಗೆ ಹೋದ್ರೆ ಸಾಲದು, ಎಂಜಿನ್ ಬ್ಲಾಕ್ ಮೂಲಕ ವಾಪಸ್ ಬ್ಯಾಟರಿ ಮೈನಸ್ಸಿಗೆ ಬರಬೇಕು. ಈ ವಾಪಸ್ ದಾರೀನ ಎಲ್ಲರೂ ಮರೀತಾರೆ, ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಈಗ ಕೈ ಕೊಟ್ಟಾಗ ಮಾಡಬೇಕಾದ ಒಂದು ಪರೀಕ್ಷೆ, ಏನೂ ಟೂಲ್ ಬೇಡ. ಹೆಡ್‌ಲೈಟ್ ಆನ್ ಮಾಡಿ, ಗಾಡಿ ಮುಂದೆ ಗೋಡೆ ಇದ್ರೆ ಗೋಡೆ ಮೇಲಿನ ಬೆಳಕು ನೋಡ್ತಾ ಕೀ ತಿರುಗಿಸಿ. ಬೆಳಕು ಪೂರ್ತಿ ಮಂಕಾಗಿ ಕಟಕಟಕಟ ಅಂತ ಸದ್ದು ಬಂದ್ರೆ ಬ್ಯಾಟರಿ ಖಾಲಿ ಅಥವಾ ಬ್ಯಾಟರಿ ಟರ್ಮಿನಲ್ ಲೂಸು. ಸೊಲೆನಾಯ್ಡ್ ಎಳ್ಕೊಳ್ಳುತ್ತೆ, ಮೋಟರ್ ಕರೆಂಟ್ ಕೇಳುತ್ತೆ, ವೋಲ್ಟೇಜ್ ಬಿದ್ದುಹೋಗುತ್ತೆ, ಸೊಲೆನಾಯ್ಡ್ ಬಿಟ್ಟುಬಿಡುತ್ತೆ, ಬಿಟ್ಟ ತಕ್ಷಣ ವೋಲ್ಟೇಜ್ ಏರುತ್ತೆ, ಮತ್ತೆ ಎಳ್ಕೊಳ್ಳುತ್ತೆ, ಅದೇ ಆ ಕಟಕಟ. ಬೆಳಕು ಹಂಗೇ ಇದ್ದು ಸದ್ದೇ ಬರ್ಲಿಲ್ಲ ಅಂದ್ರೆ ಸಣ್ಣ ದಾರಿ ಕಟ್ಟಾಗಿದೆ, ಕೀ ಸ್ವಿಚ್ಚು, ಫ್ಯೂಸು, ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು) ಇದ್ರೆ ಅದು, ಅಥವಾ ಸೊಲೆನಾಯ್ಡಿಗೆ ಸಿಕ್ಕಿಸಿರೋ ಸಣ್ಣ ವೈರಿನ ಲಗ್ಗು, ಅಂದ್ರೆ ತುದೀಲಿರೋ ಲೋಹದ ಕೊಂಡಿ. ಬೆಳಕು ಹಂಗೇ ಇದ್ದು ಒಂದೇ ಒಂದು ಟಕ್ ಬಂತು ಅಂದ್ರೆ, ಅದು ನಮ್ಮ ಕೇಸು, ಸಣ್ಣ ದಾರಿ ಕೆಲಸ ಮಾಡಿದೆ, ದೊಡ್ಡ ದಾರೀಲಿ ಕರೆಂಟ್ ಹರೀತಿಲ್ಲ. ಹರಿದಿದ್ರೆ ಲೈಟ್ ಮಂಕಾಗಬೇಕಿತ್ತು. ಹಾಗಾಗಿ ಬೆಳಕು ಮಂಕಾಗದೇ ಇದ್ದಾಗ ಬ್ಯಾಟರಿ ಬದಲಾಯಿಸೋಕೆ ದಯವಿಟ್ಟು ಹೋಗ್ಬೇಡಿ, ನಾವು ಹೋಗಿದ್ವಿ.

ಬ್ಯಾಟರಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ರಾತ್ರಿಯೆಲ್ಲಾ ನಿಂತ ಗಾಡೀಲಿ ಬೆಳಿಗ್ಗೆ ಮಲ್ಟಿಮೀಟರಲ್ಲಿ (ವೋಲ್ಟು ಓಮು ಅಳೆಯೋ ಸಣ್ಣ ಮೀಟರು) ಅಳೆದ್ರೆ 12.6 ವೋಲ್ಟ್ ಇದ್ರೆ ಫುಲ್ಲು, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಲೆಕ್ಕ. ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡ್ತಿರೋವಾಗ 13.8 ರಿಂದ 14.5 ಒಳಗೆ ಇದ್ರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ. ಟರ್ಮಿನಲ್ಲಲ್ಲಿ ಬಿಳಿ ಹಸಿರು ಹೂವು ಕಟ್ಟಿದ್ರೆ ಬಿಸಿನೀರು ಹಾಕಿ ತೊಳೆದು, ಸ್ಯಾಂಡ್‌ಪೇಪರಲ್ಲಿ ಸೀಸ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಎಷ್ಟೋ ಗಾಡಿ ಇಷ್ಟಕ್ಕೇ ಸರಿಹೋಗುತ್ತೆ.

ಇದೆಲ್ಲಾ ಸರಿ ಇದ್ದೂ ಟಕ್ ಅಂತಿದ್ರೆ ಮುಂದಿನ ಹೆಜ್ಜೆ. ಇಲ್ಲಿ ಒಂದು ವಿಷಯ ಅರ್ಥ ಆಗ್ಲೇಬೇಕು, ಇದು ಅರ್ಥ ಆಗದೇ ಎಲೆಕ್ಟ್ರಿಷಿಯನ್ನುಗಳೂ ಎಡವೋದು ನೋಡಿದ್ದೀನಿ. ಸುಮಾರು ಜನ ಮಲ್ಟಿಮೀಟರ್ ತಗೊಂಡು ಕೇಬಲಿನ ಎರಡು ತುದಿಗೆ ಇಟ್ಟು, ಬೀಪ್ ಬಂದ ತಕ್ಷಣ ಕೇಬಲ್ ಸರಿ ಇದೆ ಅಂತಾರೆ. ಮನೆ ಮೇಲಿನ ಟ್ಯಾಂಕಿಂದ ಬರೋ ಪೈಪಲ್ಲಿ ಮುಕ್ಕಾಲು ಭಾಗ ಪಾಚಿ ಕಟ್ಟಿದೆ ಅಂದ್ಕೊಳ್ಳಿ. ನಲ್ಲಿ ತೆಗೆದು ಲೋಟ ಹಿಡಿದ್ರೆ ತುಂಬುತ್ತೆ, ನೀರು ಬರ್ತಿದೆಯಲ್ಲ ಅಂತೀರಿ. ಕೊಳಗ ಇಟ್ಟಾಗ ತಾನೇ ಗೊತ್ತಾಗೋದು. ಮೀಟರ್ ಬೀಪಿಗೆ ಹರಿಸೋದು ಒಂದೆರಡು ಮಿಲಿ ಆಂಪು, ಕೇಬಲ್ ಒಳಗೆ ಎಲ್ಲಾ ಎಳೆ ಕೊಳೆತು ಒಂದೇ ಒಂದು ಎಳೆ ಉಳಿದಿದ್ರೂ ಅಷ್ಟು ಹರಿಯುತ್ತೆ, ಬೀಪ್ ಬರುತ್ತೆ. 100 ಆಂಪ್ ಹರಿಸೋಕೆ ಹೋದಾಗ ಆ ಎಳೆ ಏನು ಮಾಡೀತು?

ಲೆಕ್ಕದಲ್ಲೇ ನೋಡಿ. ಕೇಬಲಿನ ಒಂದು ಜಾಯಿಂಟಲ್ಲಿ ಬರೀ 0.05 ಓಮ್ ರೆಸಿಸ್ಟೆನ್ಸ್ ಇದೆ ಅಂದ್ರೆ 100 ಆಂಪ್ ಹರಿದಾಗ ಅಲ್ಲೇ 5 ವೋಲ್ಟ್ ಕಳೆದುಹೋಗುತ್ತೆ, 12ರಲ್ಲಿ ಮೋಟರಿಗೆ ಉಳಿಯೋದು 7. ಆ 0.05 ಓಮನ್ನ ಸಾಮಾನ್ಯ ಮೀಟರಲ್ಲಿ ಅಳೆಯೋಕೆ ಆಗಲ್ಲ, ಮೀಟರಿನ ವೈರಿನದ್ದೇ ಅದಕ್ಕಿಂತ ಜಾಸ್ತಿ ಇರುತ್ತೆ. ಹಾಗಾಗಿ ಓಮ್ ಅಳೀಬೇಡಿ, ಸೆಲ್ಫ್ ಹೊಡೆಯೋ ಪ್ರಯತ್ನ ನಡೀತಿರೋವಾಗ ವೋಲ್ಟ್ ಅಳೀರಿ. ವೋಲ್ಟ್ ಎಲ್ಲಿ ಕಳೆದುಹೋಗ್ತಿದೆಯೋ ಆ ಜಾಗದ ಎರಡು ಕಡೆ ಮೀಟರ್ ಇಟ್ಟಾಗ ಅದು ನಂಬರಲ್ಲಿ ಬಂದು ಕೂರುತ್ತೆ.

ಮಾಡೋದು ಹಿಂಗೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಪಂಚೆ ದುಪಟ್ಟಾ ಇಂಥದ್ದೇನೂ ಫ್ಯಾನ್ ಬೆಲ್ಟಿನ ಹತ್ರ ಜೋತಾಡಬಾರದು. ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಒಂದು ಪಿನ್ನು ಬ್ಯಾಟರಿಯ ಮೈನಸ್ ಸೀಸದ ಗೂಟದ ಮೇಲೆ, ಕ್ಲ್ಯಾಂಪ್ ಮೇಲಲ್ಲ ಗೂಟದ ಮೇಲೇ, ಇನ್ನೊಂದು ಪಿನ್ನು ಎಂಜಿನ್ ಬ್ಲಾಕಿನ ಬೋಳು ಲೋಹದ ಮೇಲೆ. ಒಬ್ಬರು ಕೀ ತಿರುಗಿಸಲಿ. 0.2, 0.3 ಬಂದ್ರೆ ಪರವಾಗಿಲ್ಲ, 0.5 ದಾಟಿದ್ರೆ ಅರ್ತಿಂಗ್ ಕಡೆ, ಅಂದ್ರೆ ಆ ವಾಪಸ್ ದಾರೀಲಿ ತೊಂದರೆ. ಆಮೇಲೆ ಪ್ಲಸ್ ಗೂಟದಿಂದ ಬ್ಯಾಟರಿ ಕೇಬಲ್ ಬಂದು ಸೇರೋ ಸೆಲ್ಫಿನ ದಪ್ಪ ಬೋಲ್ಟಿಗೆ ಇದೇ ರೀತಿ. ಆಮೇಲೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ಮಧ್ಯೆ, ಟಕ್ ಅಂದ ಮೇಲೂ ಅಲ್ಲಿ 12 ವೋಲ್ಟ್ ತೋರಿಸ್ತಿದ್ರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದೆ, ಸೇರಿದ್ರೂ ಸೇರದಂಗೆ. ಎಲ್ಲಾ ಕಡೆ ನಷ್ಟ ಸೊನ್ನೆ, ಮೋಟರಿಗೆ ಪೂರ್ತಿ 12 ವೋಲ್ಟ್ ಬರ್ತಿದೆ, ಆದ್ರೂ ತಿರುಗ್ತಿಲ್ಲ ಅಂದ್ರೆ ಮೋಟರೊಳಗೇ ಇದೆ, ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಸವೆದು ಒಳಗೆ ತಿರುಗೋ ಆರ್ಮೇಚರಿಗೆ ಮುಟ್ತಿಲ್ಲ. ಅಂಥ ಸೆಲ್ಫಿಗೆ ವೀಲ್ ಸ್ಪ್ಯಾನರಲ್ಲಿ ಮೆತ್ತಗೆ ತಟ್ಟಿದ್ರೆ ಒಂದ್ಸಲ ತಿರುಗುತ್ತೆ, ಬ್ರಷ್ ಅಲ್ಲಾಡಿ ಕೂರುತ್ತೆ ಅಷ್ಟೇ. ಮನೆ ತಲುಪೋಕೆ ಆ ತಟ್ಟೋದು ಸಾಕು, ಆದ್ರೆ ತಟ್ಟಿದಾಗ ಹೊಡೀತು ಅಂದ್ರೆ ಸೆಲ್ಫ್ ಬಿಚ್ಚೋ ಕಾಲ ಬಂತು ಅಂತ ನೋಟ್‌ಬುಕ್ಕಲ್ಲಿ ಬರೀರಿ.

ಬಿಸಿ ಇದ್ದಾಗ ಮಾತ್ರ ಯಾಕೆ ಅನ್ನೋದಕ್ಕೂ ಉತ್ತರ ಇದೆ. ಎಂಜಿನ್ ಆಫ್ ಮಾಡಿದ ಮೇಲೆ ತಂಪು ಮಾಡೋ ನೀರೂ ಓಡಲ್ಲ ಗಾಳೀನೂ ಬರಲ್ಲ, ಹಾಗಾಗಿ ಮೊದಲ ಕಾಲು ಗಂಟೆ ಬಾನೆಟ್ ಒಳಗೆ ಶಾಖ ಇಳಿಯೋ ಬದಲು ಇನ್ನೂ ಏರುತ್ತೆ. ಕಾಫಿ ಕುಡಿದು ಬಂದಾಗ ಕೈ ಕೊಡೋದು ಅದಕ್ಕೇ. ತಾಮ್ರ ಒಂದೊಂದು ಡಿಗ್ರಿ ಬಿಸಿಯಾದಾಗ್ಲೂ ಅದರ ರೆಸಿಸ್ಟೆನ್ಸ್ ಸುಮಾರು 0.39 ಪರ್ಸೆಂಟ್ ಏರುತ್ತೆ, 30 ಡಿಗ್ರಿಯಿಂದ 100 ಡಿಗ್ರಿಗೆ ಹೋದ್ರೆ ಕಾಲು ಭಾಗಕ್ಕಿಂತ ಜಾಸ್ತಿ. ಸೊಲೆನಾಯ್ಡ್ ಸುರುಳಿ ತಣ್ಣಗಿದ್ದಾಗ ಎಷ್ಟು ಕರೆಂಟ್ ಎಳ್ಕೊಂಡು ಎಷ್ಟು ಗಟ್ಟಿಯಾಗಿ ಕಚ್ತಿತ್ತೋ, ಬಿಸಿಯಾದಾಗ ಅಷ್ಟು ಕಚ್ಚಲ್ಲ. ಕೀ ಸ್ವಿಚ್ಚಿನ ಕಾಂಟ್ಯಾಕ್ಟೂ ಸವೆದು ಸಣ್ಣ ದಾರೀಲಿ ಬರೀ 7, 8 ವೋಲ್ಟ್ ಬರ್ತಿದ್ರೆ ತಣ್ಣಗಿದ್ದಾಗ ಹೆಂಗೋ ಎಳ್ಕೊಳ್ಳುತ್ತೆ, ಬಿಸಿಯಾದಾಗ ಆಗಲ್ಲ. ಇಂಥ ಗಾಡಿಗೆ ಒಳ್ಳೇ ಎಲೆಕ್ಟ್ರಿಷಿಯನ್ನುಗಳು ಒಂದು ರಿಲೇ ಹಾಕಿ, ಬ್ಯಾಟರಿಯಿಂದ ನೇರ ಕರೆಂಟ್ ಸೊಲೆನಾಯ್ಡಿಗೆ ಬರೋ ಹಂಗೆ ಮಾಡ್ತಾರೆ, ಕೀ ಸ್ವಿಚ್ಚಿಗೆ ಬರೀ ರಿಲೇ ಎಬ್ಬಿಸೋ ಕೆಲಸ. ಸಣ್ಣ ಖರ್ಚಿನ ಗಟ್ಟಿ ಪರಿಹಾರ ಅದು.

ಈಗ ಇನ್ನೊಂದು ಕಾಯಿಲೆ, ತಿರುಗುತ್ತೆ ಆದ್ರೆ ಹತ್ಕೊಳ್ಳಲ್ಲ ಅನ್ನೋದು. ಎಂಜಿನ್ನಿಗೆ ಪೆಟ್ರೋಲ್ ಬೇಕು, ಸರಿಯಾದ ಹೊತ್ತಿಗೆ ಕಿಡಿ ಬೇಕು, ಸಿಲಿಂಡರ್ ಒಳಗೆ ಒತ್ತಡ ಬೇಕು. ಒತ್ತಡ ಬಂದು ಹೋಗೋ ವಸ್ತು ಅಲ್ಲ, ಹಾಗಾಗಿ ಉಳಿದಿದ್ದು ಎರಡೇ.

2000ದ ಆಸುಪಾಸಲ್ಲಿ ನಮ್ಮ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬುರೇಟರ್ ಹೋಗಿ ಎಂಪಿಎಫ್ಐ ಬಂತು, ಅಂದ್ರೆ ಇಂಜೆಕ್ಟರ್ ಅನ್ನೋ ಸಣ್ಣ ನಳಿಕೆಗಳು ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ. ಎಂಪಿಎಫ್ಐ ಗಾಡೀಲಿ ಪೆಟ್ರೋಲ್ ಪಂಪ್ ಟ್ಯಾಂಕ್ ಒಳಗೇ ಇರುತ್ತೆ, ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತ ಸದ್ದು ಬರುತ್ತೆ. ಈ ಸದ್ದನ್ನ ಗಾಡಿ ಸರಿ ಇರೋವಾಗ್ಲೇ ನಾಲ್ಕು ಸಲ ಕೇಳಿ ಕಿವಿಗೆ ಅಭ್ಯಾಸ ಮಾಡ್ಕೊಳ್ಳಿ, ಯಾಕಂದ್ರೆ ಕೈ ಕೊಟ್ಟ ದಿನ ಅದು ಇಲ್ಲ ಅನ್ನೋದು ಗೊತ್ತಾಗಬೇಕಾದ್ರೆ ಇರೋವಾಗ ಹೆಂಗಿರುತ್ತೆ ಅಂತ ಗೊತ್ತಿರಬೇಕು. ಸದ್ದು ಇಲ್ಲ ಅಂದ್ರೆ ಪಂಪು, ಫ್ಯೂಸು, ಇಲ್ಲಾ ರಿಲೇ. ಸುಮಾರು ಗಾಡಿಗಳಲ್ಲಿ ಫ್ಯೂಸ್ ಬಾಕ್ಸಲ್ಲಿ ಹಾರ್ನಿಗೋ ಇನ್ನೊಂದಕ್ಕೋ ಅದೇ ಥರದ ರಿಲೇ ಇರುತ್ತೆ, ಅದಲು ಬದಲು ಮಾಡಿ ನೋಡಿದ್ರೆ ಅಲ್ಲೇ ಗೊತ್ತಾಗುತ್ತೆ. ಹಳೇ ರಿಲೇ ಒಳಗೆ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ, ಬಿಸಿಲಲ್ಲಿ ನಿಂತ ಗಾಡೀಲಿ ಅದು ಬಿಟ್ಕೊಳ್ಳುತ್ತೆ, ಸಂಜೆ ತಂಪಾದಾಗ ಕೂಡ್ಕೊಳ್ಳುತ್ತೆ. ಟ್ಯಾಂಕಲ್ಲಿ ಪೆಟ್ರೋಲ್ ಕಮ್ಮಿ ಇದ್ದಾಗ್ಲೇ ಕೈ ಕೊಡ್ತಿದೆ ಅಂತ ನೋಟ್‌ಬುಕ್ಕಲ್ಲಿ ಬಂದಿದ್ರೆ ಪಂಪಿನ ಮೇಲೆ ಅನುಮಾನ ಇಡಿ, ಆ ಪಂಪನ್ನ ತಂಪಾಗಿ ಇಡೋದು ಸುತ್ತ ಇರೋ ಪೆಟ್ರೋಲೇ.

ಬೆಳಿಗ್ಗೆ ಮೊದಲ ಸಲ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು, ಆಮೇಲೆ ದಿನಪೂರ್ತಿ ಸರಿ ಅಂದ್ರೆ, ಕೀ ಆನ್ ಮಾಡಿ ಆಫ್ ಮಾಡಿ ಹಿಂಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ತಕ್ಷಣ ಎದ್ದರೆ ರಾತ್ರಿ ಲೈನಲ್ಲಿ ಇದ್ದ ಪ್ರೆಶರ್ ಸೋರಿಹೋಗ್ತಿದೆ ಅಂತ ಅರ್ಥ, ಪಂಪಿನ ವಾಲ್ವೋ ಇಂಜೆಕ್ಟರೋ ಎಲ್ಲೋ ಒಂದು ಕಡೆ. ಮೂರು ಸಲ ಆನ್ ಮಾಡಿದ್ರಿಂದ ಪಂಪು ಮತ್ತೆ ಪ್ರೆಶರ್ ತುಂಬಿಸ್ತು.

ಬಿಸಿ ಇದ್ದಾಗ ಮಾತ್ರ ಹತ್ಕೊಳ್ಳಲ್ಲ, ಅರ್ಧ ಗಂಟೆ ಬಿಟ್ಟು ಏನೂ ಆಗಿಲ್ಲ ಅನ್ನೋ ಹಂಗೆ ಹತ್ಕೊಳ್ಳುತ್ತೆ ಅಂದ್ರೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ಎಲ್ಲಿದೆ, ಎಷ್ಟು ಜೋರಾಗಿ ತಿರುಗ್ತಿದೆ ಅಂತ ಇಸಿಯುಗೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರಿಗೆ, ಹೇಳೋದು ಅದೇ, ಅದು ಸುಮ್ಮನಾದ್ರೆ ಇಸಿಯು ಎಂಜಿನ್ ನಿಂತೇ ಇದೆ ಅಂದ್ಕೊಂಡು ಕಿಡೀನೂ ಕೊಡಲ್ಲ ಪೆಟ್ರೋಲೂ ಕೊಡಲ್ಲ. ಒಳಗಿನ ಸಣ್ಣ ಸುರುಳಿ ಬಿಸಿಗೆ ಹಿಗ್ಗಿ ಕಟ್ಟಾಗುತ್ತೆ, ತಣ್ಣಗಾದಾಗ ಕೂಡ್ಕೊಳ್ಳುತ್ತೆ. ಆರ್‌ಪಿಎಂ ಮುಳ್ಳು ಇರೋ ಗಾಡಿ ಆಗಿದ್ರೆ ಸೆಲ್ಫ್ ಹೊಡೆಯೋವಾಗ ಆ ಮುಳ್ಳು ನೋಡಿ, ಸುಮಾರು ಗಾಡಿಗಳಲ್ಲಿ ಅದು ಸ್ವಲ್ಪ ಅಲ್ಲಾಡಿ ಮೇಲೆದ್ದಿರುತ್ತೆ, ಸೊನ್ನೆ ಬಿಟ್ಟು ಕದಲಲೇ ಇಲ್ಲ ಅಂದ್ರೆ ಅನುಮಾನ ಗಟ್ಟಿ. ಸೆನ್ಸರ್ ಕೈಗೆ ಸಿಗೋ ಜಾಗದಲ್ಲಿದ್ರೆ ಒದ್ದೆ ಬಟ್ಟೆ ಅದರ ಮೇಲೆ ಐದು ನಿಮಿಷ ಇಟ್ಟು ನೋಡಿ, ಎದ್ದರೆ ಬೇರೆ ಸಾಕ್ಷಿ ಬೇಡ.

ಇದೇ ಥರ ಕಾಟ ಕೊಡೋ ಇನ್ನೊಂದು, ಎಂಜಿನ್ ತಂಪು ಮಾಡೋ ನೀರಿನ ಟೆಂಪರೇಚರ್ ಸೆನ್ಸರ್. ಎಂಜಿನ್ ಬಿಸಿ ಇದ್ದಾಗ್ಲೂ ತಣ್ಣಗಿದೆ ಅಂತ ಅದು ಸುಳ್ಳು ಹೇಳಿದ್ರೆ ಇಸಿಯು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತೆ, ಪ್ಲಗ್ ನೆನೆದುಹೋಗುತ್ತೆ, ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತೆ. ಆಗ ಆಕ್ಸಿಲರೇಟರ್ ಪೂರ್ತಿ ತುಳಿದುಕೊಂಡು ಸೆಲ್ಫ್ ಹೊಡೀರಿ, ಸುಮಾರು ಎಂಪಿಎಫ್ಐ ಗಾಡಿಗಳು ಆ ಹೊತ್ತಲ್ಲಿ ಇಂಜೆಕ್ಟರ್ ನಿಲ್ಲಿಸಿಬಿಡ್ತವೆ, ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಗೆ ಹೋಗಿ ಹತ್ಕೊಳ್ಳುತ್ತೆ. ಸೆನ್ಸರ್ ಅಳೆಯೋದೂ ಕಷ್ಟ ಇಲ್ಲ, ಸಾಮಾನ್ಯವಾಗಿ 20 ಡಿಗ್ರೀಲಿ 2 ರಿಂದ 3 ಕಿಲೋ ಓಮು, 80 ಡಿಗ್ರೀಲಿ 300 ಓಮಿನ ಆಸುಪಾಸು ಬರಬೇಕು.

ಮಳೆಗಾಲದಲ್ಲಿ ಮಾತ್ರ, ಅದರಲ್ಲೂ ಸಕಲೇಶಪುರ ತೀರ್ಥಹಳ್ಳಿ ಕಡೆ ತೇವ ತುಂಬಿರೋ ಬೆಳಿಗ್ಗೆ ಮಾತ್ರ ಕೈ ಕೊಡೋ, ಡೆಲ್ಕೋ (ಒಂದೊಂದು ಪ್ಲಗ್ಗಿಗೂ ಸರದೀಲಿ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್) ಇರೋ ಹಳೇ ಗಾಡಿಗಳಲ್ಲಿ ಡೆಲ್ಕೋ ಕ್ಯಾಪು ಬಿಚ್ಚಿ ಒಳಗೆ ನೋಡಿ, ಪೆನ್ಸಿಲಲ್ಲಿ ಗೀಚಿದಂಗೆ ಸಣ್ಣ ಕಪ್ಪು ಗೆರೆ ಕಂಡ್ರೆ ಕಿಡಿ ಅಲ್ಲೇ ಸೋರ್ತಿದೆ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸ್ತಾ ಬಾನೆಟ್ ಎತ್ತಿ ನೋಡಿದ್ರೆ ಪ್ಲಗ್ ವೈರಿನ ಮೇಲೆ ನೀಲಿ ಮಿಂಚು ಹರಿದಾಡೋದು ಕಾಣುತ್ತೆ, ಹಂಗೆ ಕಂಡ್ರೆ ಮುಟ್ಟಬೇಡಿ, ವೈರ್ ಸೆಟ್ ಬದಲಾಯಿಸಿ. ಮಳೆಗಾಲದ ಇನ್ನೊಂದು ಕಾಟ ಇಲಿ. ಬೆಚ್ಚಗಿರುತ್ತೆ ಅಂತ ಬಾನೆಟ್ ಒಳಗೆ ಸೇರ್ಕೊಂಡು ವೈರಿನ ಮೇಲಿನ ಪ್ಲಾಸ್ಟಿಕ್ ಕಡಿಯುತ್ತೆ, ಪೂರ್ತಿ ಕಡಿಯದೇ ಅರ್ಧ ಬಿಟ್ಟಿರುತ್ತೆ, ಆ ಅರ್ಧವೇ ಬಂದು ಹೋಗೋ ರೋಗಕ್ಕೆ ಮೂಲ. ಕೈಯಲ್ಲಿ ವೈರಿಂಗ್ ಗೊಂಚಲನ್ನ ಒಂದೊಂದೇ ಅಲ್ಲಾಡಿಸ್ತಾ ಹೋಗಿ, ಎಲ್ಲಿ ಅಲ್ಲಾಡಿಸಿದಾಗ ಎಂಜಿನ್ ತೊದಲುತ್ತೋ ಅಲ್ಲಿ ಟೇಪ್ ಬಿಚ್ಚಿ ನೋಡಿ. ಡ್ಯಾಶ್‌ಬೋರ್ಡಲ್ಲಿ ಕೀ ಚಿತ್ರದ ಲೈಟು ಮಿಣಮಿಣ ಅಂತಿದ್ರೆ ಮಾತ್ರ ಇದೆಲ್ಲಾ ಬಿಟ್ಟು ಮೊದಲು ಸ್ಪೇರ್ ಕೀ ಹಾಕಿ ನೋಡಿ, ಕಳ್ಳತನ ತಡೆಯೋ ಇಮ್ಮೊಬಿಲೈಸರ್ ನಿಮ್ಮ ಕೀ ಗುರುತು ಹಿಡೀತಿಲ್ಲ.

ಇಸಿಯು ಓದೋ ಸ್ಕ್ಯಾನರ್ ಹಾಕಿದ್ರೆ ಎಲ್ಲಾ ಗೊತ್ತಾಗಲ್ವಾ ಅಂತ ಅಪ್ಪ ಕೇಳಿದ್ರು. ಸೆನ್ಸರ್ ಕಡೆಯ ತೊಂದರೆಗೆ ಅದು ಸಹಾಯ ಮಾಡುತ್ತೆ, ಆದ್ರೆ ದಪ್ಪ ಕೇಬಲು, ಅರ್ತಿಂಗು, ಸೊಲೆನಾಯ್ಡು ಇದಕ್ಕೆಲ್ಲಾ ಸೆನ್ಸರೇ ಇಲ್ಲ, ಸ್ಕ್ಯಾನರ್ ಏನು ತಾನೇ ಓದುತ್ತೆ.

ನಮ್ಮ ಗಾಡಿಗೆ ವಾಪಸ್ ಬರ್ತೀನಿ. ನೋಟ್‌ಬುಕ್ಕಲ್ಲಿ ಐದನೇ ಸಲ ಬರೀಬೇಕಾಗಿ ಬಂದಿದ್ದು ಗುಬ್ಬೀಲಿ, ಮಧ್ಯಾಹ್ನ ಎರಡು ಗಂಟೆ, ಮದುವೆ ಊಟ ಮುಗಿಸಿ ಬಂದಾಗ ಟಕ್. ಸಂತೋಷ ಆಯ್ತು ನನಗೆ ನಿಜವಾಗ್ಲೂ, ಮೀಟರು ಜಂಪರ್ ಕೇಬಲು ಎರಡೂ ಡಿಕ್ಕೀಲಿತ್ತು. ಅಪ್ಪನ್ನ ಸೀಟಲ್ಲಿ ಕೂರಿಸಿ "ನಾನು ಹೇಳಿದಾಗ ಕೀ ತಿರುಗಿಸಿ ಹಿಡ್ಕೊಳ್ಳಿ ಅಪ್ಪ" ಅಂದೆ. ಬ್ಯಾಟರಿ ಗೂಟಗಳ ಮಧ್ಯೆ 12.1, ಬೀಳ್ತಾನೇ ಇಲ್ಲ. ಮೈನಸ್ ಗೂಟದಿಂದ ಎಂಜಿನ್ ಬ್ಲಾಕಿಗೆ ಇಟ್ಟೆ. 7.4 ವೋಲ್ಟ್. 0.3 ಇರಬೇಕಾದ ಕಡೆ 7.4, ಮೋಟರಿಗೆ ಬರಬೇಕಾದ ಅರ್ಧಕ್ಕಿಂತ ಜಾಸ್ತಿ ವೋಲ್ಟ್ ವಾಪಸ್ ದಾರೀಲೇ ಕಳೆದುಹೋಗ್ತಿದೆ. ಜಂಪರ್ ಕೇಬಲಿನ ಕಪ್ಪು ವೈರು ತಗೊಂಡು ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಬ್ಯಾಟರಿಯಿಂದ ದೂರಕ್ಕೆ ಎಂಜಿನ್ ಮೇಲಿನ ಲಿಫ್ಟಿಂಗ್ ಕೊಕ್ಕೆಗೆ ಕಚ್ಚಿಸಿದೆ. ಅಪ್ಪ ಕೀ ತಿರುಗಿಸಿದ್ರು, ಒಂದೇ ಸುತ್ತಿಗೆ ಎಂಜಿನ್ ಎದ್ದಿತು.

ಎಂಜಿನ್ನು ಗೇರ್‌ಬಾಕ್ಸು ಎರಡೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ, ರಬ್ಬರಲ್ಲಿ ಕರೆಂಟ್ ಹರಿಯಲ್ಲ, ಬ್ಯಾಟರಿ ಮೈನಸ್ಸು ಸೇರಿರೋದು ಬಾಡಿಗೆ, ಹಾಗಾಗಿ ಬಾಡಿಯಿಂದ ಗೇರ್‌ಬಾಕ್ಸಿಗೆ ಒಂದು ಅರ್ತ್ ಕೇಬಲ್ ಇರುತ್ತೆ. ಮನೆಗೆ ಬಂದು ಗಾಡಿ ಕೆಳಗೆ ಮಲಗಿ ಅದನ್ನ ಬಿಚ್ಚಿದೆ. ಮೇಲಿಂದ ನೋಡಿದ್ರೆ ಏನೂ ಆಗಿಲ್ಲ, ಕಪ್ಪು ಕವರು ಚೆನ್ನಾಗೇ ಇದೆ. ಲಗ್ಗಿನ ಹತ್ರ ಬ್ಲೇಡಲ್ಲಿ ಕವರ್ ಸೀಳಿದಾಗ ಒಳಗಿಂದ ಹಸಿರು ಪುಡಿ ಉದುರಿತು, ಎಳೆಗಳನ್ನ ಉಗುರಲ್ಲಿ ಮೀಟಿದ್ರೆ ಒಣ ಹುಲ್ಲಿನ ಥರ ಮುರೀತಿತ್ತು, ಗಟ್ಟಿ ಇದ್ದಿದ್ದು ಏಳೋ ಎಂಟೋ. ತಣ್ಣಗಿದ್ದಾಗ ಪುಡಿ ಒತ್ತಿಕೊಂಡು ಹೆಂಗೋ ಸಾಗಿಸ್ತಿತ್ತು, ಬಿಸಿಗೆ ಹಿಗ್ಗಿದಾಗ ಬಿಟ್ಕೊಳ್ತಿತ್ತು.

ಅದನ್ನ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾಗ್ಲೇ ನನಗೆ ಕ್ಲಚ್ ಕೇಬಲ್ ನೆನಪಾಗಿದ್ದು. ಒಂದು ವರ್ಷದಲ್ಲಿ ಎರಡು ಸಲ ಕ್ಲಚ್ ಕೇಬಲ್ ಬಿಗಿಯಾಗಿಬಿಟ್ಟಿದೆ ಅಂತ ಬದಲಾಯಿಸಿದ್ವಿ, ಎರಡನೇ ಸಲ ಬಿಚ್ಚಿದ ಕೇಬಲಿನ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿತ್ತು, ಸೈಲೆನ್ಸರಿಗೆ ತಗುಲಿರಬೇಕು ಅಂತ ಯಾರೋ ಹೇಳಿದ್ರು, ಸುಮ್ಮನಾಗಿದ್ವಿ. ಸೈಲೆನ್ಸರ್ ಎಲ್ಲಿದೆ, ಕ್ಲಚ್ ಕೇಬಲ್ ಎಲ್ಲಿದೆ. ಅರ್ತ್ ದಾರಿ ಕೆಟ್ಟಾಗ ಸೆಲ್ಫಿನ ಕರೆಂಟ್ ವಾಪಸ್ ಹೋಗೋಕೆ ಬೇರೆ ಲೋಹ ಹುಡುಕ್ಕೊಳ್ಳುತ್ತೆ, ಗೇರ್‌ಬಾಕ್ಸಿಂದ ಬಾಡಿಗೆ ಹೋಗೋ ಲೋಹದ ತಂತಿ ಅಂದ್ರೆ ಕ್ಲಚ್ ಕೇಬಲ್ಲು. ಸೆಲ್ಫ್ ಹೊಡೆದಾಗಲೆಲ್ಲಾ ಆ ತಂತಿ ಹೀಟರ್ ಥರ ಕಾಯ್ತಿತ್ತು.

ತುಮಕೂರಲ್ಲಿ ಬ್ಯಾಟರಿ ಅಂಗಡಿಯವರ ಹತ್ರ ಅದೇ ಉದ್ದಕ್ಕೆ ದಪ್ಪ ತಾಮ್ರದ ಕೇಬಲ್ಲಿಗೆ ಎರಡು ಕಡೆ ಲಗ್ ಒತ್ತಿಸ್ಕೊಂಡು ಬಂದೆ, ಬಾಡಿಯಲ್ಲಿ ಬೋಲ್ಟ್ ಕೂರೋ ಜಾಗದ ಪೇಂಟ್ ತುಕ್ಕು ಎಲ್ಲಾ ಕೆರೆದು ಬೆಳ್ಳಗೆ ಮಾಡಿ ಬಿಗಿದು ಗ್ರೀಸ್ ಹಚ್ಚಿದೆ. ಎಂಜಿನ್ ಬಿಸಿ ಮಾಡಿ, ಕಾಲು ಗಂಟೆ ಬಿಟ್ಟು, ಅಪ್ಪ ಸೆಲ್ಫ್ ಹೊಡೆಯೋವಾಗ ಅದೇ ಎರಡು ಜಾಗಕ್ಕೆ ಮೀಟರ್ ಇಟ್ಟು ನೋಡಿದೆ. 0.1 ವೋಲ್ಟ್.